ಸಹಾಯ ಬೇಕು: ಐಸಿಯು ನರ್ಸ್‌ಗಳಿಗೆ ಕನ್ನಡದಲ್ಲಿ ಸೋಂಕು ನಿಯಂತ್ರಣ ತರಬೇತಿ

ಎಲ್ಲರಿಗೂ ನಮಸ್ಕಾರ. ನಾನು ಒಂದು ಆಸ್ಪತ್ರೆಯಲ್ಲಿ ಸೋಂಕು ನಿಯಂತ್ರಣದ ನರ್ಸ್. ಈಚೆಗೆ ಐಸಿಯು ಕಲ್ಚರ್ ರಿಪೋರ್ಟ್‌ಗಳಲ್ಲಿ ಕ್ಲೆಬ್ಸಿಯೆಲ್ಲಾ ಅನ್ನುವ ಬ್ಯಾಕ್ಟೀರಿಯಾ ಜಾಸ್ತಿ ಕಾಣುತ್ತಿದೆ, ಪ್ರಬಲ ಆಂಟಿಬಯೋಟಿಕ್ ಆದ ಮೆರೋಪೆನೆಮ್‌ಗೂ ಬಗ್ಗುತ್ತಿಲ್ಲ. ಕೊನೆಗೆ ಕೊಲಿಸ್ಟಿನ್ ಅನ್ನುವ ಇನ್ನೊಂದು ಆಂಟಿಬಯೋಟಿಕ್ ಕೊಡಬೇಕಾಗುತ್ತದೆ, ಅದು ಕಿಡ್ನಿಗೆ ಪೆಟ್ಟು ಕೊಡಬಹುದು.

ನಮ್ಮ ಸಿಸ್ಟರ್‌ಗಳಿಗೆ ಇಂಥ ಸೋಂಕು ಹರಡುವ ಅಪಾಯ ಗೊತ್ತಿಲ್ಲ ಅಂತಲ್ಲ. ಕೇಳಿದರೆ ಎಲ್ಲವನ್ನೂ ಸರಿಯಾಗಿ ಹೇಳುತ್ತಾರೆ. ಆದರೆ "ಆಂಟಿಬಯೋಟಿಕ್ ಬರೆಯೋದು ಡಾಕ್ಟರ್, ನಾವೇನು ಮಾಡೋಕಾಗುತ್ತೆ?" ಅನ್ನುವ ಭಾವನೆ ಗಟ್ಟಿಯಾಗಿ ಕೂತಿದೆ. ಗ್ಲೌಸ್ ಹಾಕಿದರೆ ಸಾಕು ಅಂತಲೂ ನಂಬಿಕೆ. ಒಬ್ಬ ರೋಗಿಯ ಯೂರಿನ್ ಬ್ಯಾಗ್ ಖಾಲಿ ಮಾಡಿ, ಅದೇ ಗ್ಲೌಸ್‌ನಲ್ಲಿ ಪಕ್ಕದ ಬೆಡ್‌ನ ಇನ್‌ಫ್ಯೂಷನ್ ಪಂಪಿನ (ಡ್ರಿಪ್ ಔಷಧಿ ಹರಿಸುವ ಯಂತ್ರದ) ಬಟನ್ ಒತ್ತುವುದನ್ನು ಕಣ್ಣಾರೆ ನೋಡಿದ್ದೇನೆ. ಗ್ಲೌಸ್ ಅವರ ಕೈಯನ್ನು ಕಾಪಾಡಿತು, ರೋಗಿಯನ್ನಲ್ಲ.

ಸುಮ್ನೆ ಬೈಯುವುದು ನ್ಯಾಯವೂ ಅಲ್ಲ. ರಾತ್ರಿ ಪಾಳಿಯಲ್ಲಿ ಒಬ್ಬೊಬ್ಬರ ಮೇಲೆ ನಾಲ್ಕೈದು ರೋಗಿಗಳ ಹೊಣೆ ಇರುತ್ತದೆ. ಹ್ಯಾಂಡ್‌ರಬ್ (ಕೈ ಶುಚಿ ಮಾಡುವ ದ್ರಾವಣ) ಹಚ್ಚಿ ಉಜ್ಜಲು ಪ್ರತಿ ಸಲ 20–30 ಸೆಕೆಂಡ್ ಬೇಕು. ಬಾಟಲಿ ಬೆಡ್ ಪಕ್ಕದಲ್ಲೇ ಇಲ್ಲದಿದ್ದರೆ ಯಾರು ಹುಡುಕಿಕೊಂಡು ಹೋಗುತ್ತಾರೆ, ಅಲ್ವಾ? ಬಾಟಲಿಗಳ ವಿಷಯ ಆಡಳಿತದವರ ಹತ್ತಿರ ಮಾತಾಡುತ್ತಿದ್ದೇನೆ.

ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಕೈ ಶುಚಿತ್ವದ ಐದು ಸಂದರ್ಭಗಳ ಬಗ್ಗೆ ಕನ್ನಡದ ಪೋಸ್ಟರ್ ಅಥವಾ ಚಿಕ್ಕ ವಿಡಿಯೊ ನಿಮ್ಮಲ್ಲಿದ್ದರೆ ದಯವಿಟ್ಟು ಹಂಚಿಕೊಳ್ಳಿ. ನನಗಿಂತ ಸೀನಿಯರ್ ಆದ ಸಿಸ್ಟರ್‌ಗಳಿಗೆ ನೋವಾಗದಂತೆ ಹೇಳುವುದು ಹೇಗೆ? ನಿಮ್ಮ ವಾರ್ಡಿನಲ್ಲಿ ನಿಜವಾಗಿ ಬದಲಾವಣೆ ತಂದ ಉಪಾಯ ಯಾವುದಾದರೂ ಇದ್ದರೆ, ಚಿಕ್ಕದಾದರೂ ಪರವಾಗಿಲ್ಲ, ಬರೆಯಿರಿ. ಮುಂದಿನ ತಿಂಗಳು ತರಬೇತಿ ಇದೆ.