ಸಹಾಯ ಬೇಕು: ಅಮ್ಮನ ಕಣ್ಣೀರಿನ ಚೀಲದ ಸೋಂಕಿಗೆ ಯಾವ ಶಸ್ತ್ರಚಿಕಿತ್ಸೆ ಸೂಕ್ತ?

ಎಲ್ಲರಿಗೂ ನಮಸ್ಕಾರ. ಸಕ್ಕರೆ ಕಾಯಿಲೆಯಿರುವ ನನ್ನ 68 ವರ್ಷದ ತಾಯಿಯವರ ಎಡಗಣ್ಣಿನಲ್ಲಿ ಒಂದು ವರ್ಷದಿಂದ ನೀರು ಸೋರುತ್ತಿದ್ದು, ಮೂಗಿನ ಪಕ್ಕದ ಮೂಲೆಯನ್ನು ಒತ್ತಿದರೆ ಹಳದಿ ಕೀವು ಬರುತ್ತದೆ. ಆ್ಯಂಟಿಬಯಾಟಿಕ್ ಮಾತ್ರೆ, ಹನಿಗಳಿಂದ ಊತ ಇಳಿದರೂ ಮೂರು ಬಾರಿ ಮರುಕಳಿಸಿತು; ಸಿರಿಂಜಿನಿಂದ ಹಾಯಿಸಿದ ನೀರು ಗಂಟಲಿಗೆ ಇಳಿಯದೆ ಹಿಂದಿರುಗಿದ್ದರಿಂದ ಕಣ್ಣೀರು ಮೂಗಿಗೆ ಇಳಿಯುವ ನಾಳ ಪೂರ್ತಿ ಮುಚ್ಚಿದೆ ಎಂದು ವೈದ್ಯರು ಹೇಳಿದರು. ಇದು ವಾಸಿಯಾಗುವವರೆಗೆ ಕಣ್ಣಿನ ಪೊರೆಯ ಆಪರೇಷನ್ನೂ ಮಾಡುವುದಿಲ್ಲವಂತೆ.

ಒಬ್ಬ ವೈದ್ಯರು ಚೀಲದಿಂದ ಮೂಗಿನೊಳಗೆ ಹೊಸ ದಾರಿ ಮಾಡುವ ಡಿ.ಸಿ.ಆರ್. ಸೂಚಿಸಿದರೆ, ಮತ್ತೊಬ್ಬರು ವಯಸ್ಸನ್ನು ನೋಡಿ ಚೀಲವನ್ನೇ ತೆಗೆಯುವ ಡಿ.ಸಿ.ಟಿ. ಸಾಕೆನ್ನುತ್ತಾರೆ. ಅದರಿಂದ ಸೋಂಕು ಹೋದರೂ ನೀರು ಸೋರುವುದು ಉಳಿಯುತ್ತದೆ. ದಿನವಿಡೀ ಸೆರಗಿನಿಂದ ಕಣ್ಣೊರೆಸಿಕೊಳ್ಳುವ ಅಮ್ಮನನ್ನು ನೋಡಿದರೆ ನನಗೆ ಒಪ್ಪಲು ಮನಸ್ಸಾಗುತ್ತಿಲ್ಲ. ಡಿ.ಸಿ.ಆರ್. ಅನ್ನಾದರೂ ಚರ್ಮ ಕೊಯ್ದು ಮಾಡಿಸುವುದೋ, ಮೂಗಿನ ಮೂಲಕ ಎಂಡೋಸ್ಕೋಪಿನಿಂದಲೋ ತಿಳಿಯದಾಗಿದೆ. ಸಕ್ಕರೆ ಕಾಯಿಲೆಯಿರುವ ಹಿರಿಯರಿಗೆ ಈ ಮೂರರಲ್ಲಿ ಯಾವುದನ್ನು ಮಾಡಿಸಿದಿರಿ, ಆಮೇಲೆ ನೀರು ಸೋರುವುದು ನಿಂತಿತೇ?