ಹದಿಹರೆಯದವರಿಗಾಗಿ ಕಾದಂಬರಿ: ಉಪದೇಶವನ್ನು ಎಲ್ಲಿಗೆ ನಿಲ್ಲಿಸಬೇಕು?

ಪ್ರಶ್ನೆ

ನಾನು 13ರಿಂದ 16ರ ವಯಸ್ಸಿನವರಿಗೆಂದು ಕಾದಂಬರಿಯೊಂದನ್ನು ಬರೆಯುತ್ತಿದ್ದೇನೆ. ಕಥಾನಾಯಕಿ ಗೆಳತಿಯ ಗುಟ್ಟೊಂದನ್ನು ಬಾಯಿಬಿಟ್ಟು, ಆ ಗೆಳೆತನವನ್ನೇ ಕಳೆದುಕೊಂಡು, ಕೊನೆಗೆ ಅಜ್ಜನ ಬುದ್ಧಿಮಾತಿನಿಂದ ತನ್ನ ತಪ್ಪನ್ನು ಅರಿಯುತ್ತಾಳೆ. ಕರಡನ್ನು 14 ವರ್ಷದ ನನ್ನ ಅಕ್ಕನ ಮಗಳಿಗೆ ಓದಲು ಕೊಟ್ಟಿದ್ದೆ. ಅವಳು ಆರು ಅಧ್ಯಾಯಗಳನ್ನು ಒಂದೇ ಸಂಜೆ ಓದಿ ಮುಗಿಸಿ, ಏಳನೆಯ ಅಧ್ಯಾಯದಲ್ಲಿ ಅಜ್ಜ ಮಾತಿಗೆ ತೊಡಗುವ ಪುಟದ ಅಂಚಿನಲ್ಲಿ ಪೆನ್ಸಿಲ್‌ನಿಂದ ‘ಇಲ್ಲಿಂದ ಪಾಠ ಶುರು’ ಎಂದು ಬರೆದು ಹಿಂದಿರುಗಿಸಿದಳು. ಮುಂದಿನ ಪುಟಗಳನ್ನು ಅವಳು ತಿರುವಿಯೂ ನೋಡಿಲ್ಲ.

ಅಜ್ಜನ ಮಾತನ್ನು ತೆಗೆದುಹಾಕಿದರೆ ಕಥೆ ಬೇಜವಾಬ್ದಾರಿಯದಾಗುವುದಿಲ್ಲವೇ? ಇನ್ನೊಂದು ವಿಷಯ: ಇದೇ ಹುಡುಗಿ ನೋಟ್‌ಬುಕ್ಕಿನಲ್ಲಿ ಏನೋ ಬರೆಯುತ್ತಿರುತ್ತಾಳೆ, ನಾನು ಹತ್ತಿರ ಹೋದ ಕೂಡಲೇ ಮುಚ್ಚಿಡುತ್ತಾಳೆ. ಅವಳನ್ನು ಪ್ರೋತ್ಸಾಹಿಸುವ ಬಗೆ ಹೇಗೆ?

ಉತ್ತರ 1

ನಿಮಗೆ ಸಿಕ್ಕಿರುವ ಸಂಪಾದಕಿ ಚುರುಕಾಗಿದ್ದಾಳೆ. ಕಿಶೋರ ಸಾಹಿತ್ಯದ ಹಸ್ತಪ್ರತಿಗಳನ್ನು ತಿದ್ದುವ ಕೆಲಸದಲ್ಲಿರುವ ನಾನು ಪದೇ ಪದೇ ಕಾಣುವ ದೋಷವೂ ಇದೇ: ತಪ್ಪು ಮಾಡುವ ಪಾತ್ರ ಚಿಕ್ಕದು, ಅದನ್ನು ಕಂಡುಹಿಡಿಯುವ ಪಾತ್ರ ದೊಡ್ಡದು. ಕಥೆಯ ಮುಖ್ಯ ನಿರ್ಧಾರವನ್ನು ಹಿರಿಯರು ಕೈಗೆತ್ತಿಕೊಂಡ ಕ್ಷಣದಿಂದ ನಾಯಕಿ ತನ್ನ ಕಥೆಯಲ್ಲೇ ಪ್ರೇಕ್ಷಕಿಯಾಗುತ್ತಾಳೆ. ಅಜ್ಜ ‘ನಂಬಿಕೆ ಒಮ್ಮೆ ಮುರಿದರೆ ಕೂಡದು’ ಎನ್ನುವ ಬದಲು, ಅವಳು ಗೆಳತಿಗೆ ಸಂದೇಶವೊಂದನ್ನು ಬರೆದು, ಅಳಿಸಿ, ಮತ್ತೆ ಬರೆದು, ಕೊನೆಗೆ ‘ನಾಳೆ ಗಣಿತದ ಪರೀಕ್ಷೆ ಇದೆಯಾ?’ ಎಂದಷ್ಟೇ ಕಳುಹಿಸಿದರೆ, ನಂಬಿಕೆ ಮುರಿದದ್ದು ಓದುವವರಿಗೆ ತಾನಾಗಿಯೇ ತಿಳಿಯುತ್ತದೆ. ಇದರಲ್ಲಿ ಬೇಜವಾಬ್ದಾರಿ ಏನೂ ಇಲ್ಲ. ಮಾಡಿದ್ದರ ಪರಿಣಾಮವನ್ನು ಅವಳು ಅನುಭವಿಸುತ್ತಿದ್ದಾಳಲ್ಲ!

ಅಮೆರಿಕದ ಲೇಖಕಿ ಎಸ್. ಇ. ಹಿಂಟನ್ 15ರ ಹರೆಯದಲ್ಲಿ ಬರೆಯಲಾರಂಭಿಸಿದ ‘ದಿ ಔಟ್‌ಸೈಡರ್ಸ್’ ಕಾದಂಬರಿ 1967ರಲ್ಲಿ ಪ್ರಕಟವಾದಾಗ ಅವರಿಗಿನ್ನೂ 18 ವರ್ಷ. ಅದರಲ್ಲಿ ತಂದೆತಾಯಿಯನ್ನು ಕಳೆದುಕೊಂಡ ಮೂವರು ಅಣ್ಣತಮ್ಮಂದಿರಿದ್ದಾರೆ, ಕಥೆ ಹೇಳುವವನು 14ರ ಕಿರಿಯ. ಹಿರಿಯರು ಅಂಚಿನಲ್ಲೇ ಉಳಿದಿರುವುದರಿಂದ ತಪ್ಪೂ ದುಃಖವೂ ಆ ಹುಡುಗರ ಪಾಲಿಗೇ ಬರುತ್ತವೆ.

ಹಾಗೆಯೇ, ಈ ತಿಂಗಳು ಮಕ್ಕಳ ಬಾಯಲ್ಲಿರುವ ಪದಗಳನ್ನೆಲ್ಲ ಸಂಭಾಷಣೆಗೆ ತುಂಬಬೇಡಿ. ಪುಸ್ತಕ ಅಚ್ಚಾಗಿ ಬರುವ ಹೊತ್ತಿಗೆ ಅವು ಹಳಸಿರುತ್ತವೆ.

ಉತ್ತರ 2

ಮೇಲಿನ ಉತ್ತರವನ್ನು ಬಹುಮಟ್ಟಿಗೆ ಒಪ್ಪುತ್ತೇನೆ, ಆದರೆ ಅಜ್ಜನನ್ನು ಅಂಚಿಗೆ ತಳ್ಳುವ ಅವಸರ ನನಗಿಲ್ಲ. ಹದಿಹರೆಯದವರ ದಿನದ ಬಹುಪಾಲು ಹಿರಿಯರ ನಡುವೆಯೇ ಕಳೆಯುತ್ತದೆ. ಅಜ್ಜನಿರಲಿ, ಆದರೆ ಅವರ ಸಲಹೆ ಈ ಸಂದರ್ಭಕ್ಕೆ ಒಗ್ಗದಿರಲಿ, ಅಥವಾ ಅವರೇ ಎಂದೋ ಸ್ನೇಹಿತನೊಬ್ಬನಿಗೆ ಇಂಥದ್ದನ್ನೇ ಮಾಡಿ ಈವರೆಗೂ ಸರಿಪಡಿಸಿಕೊಳ್ಳಲಾಗದವರಾಗಿರಲಿ. ಸೋತ ಹಿರಿಯರ ಮಾತನ್ನು ಈ ವಯಸ್ಸಿನವರು ಕಿವಿಗೊಟ್ಟು ಕೇಳುತ್ತಾರೆ ಎಂಬುದು ಭಾಷಾ ಶಿಕ್ಷಕಿಯಾಗಿ ನಾನು ತರಗತಿಯಲ್ಲಿ ಕಂಡುಕೊಂಡದ್ದು.

ನಿಮ್ಮ ಅಕ್ಕನ ಮಗಳು ಓದನ್ನು ನಡುವೆ ನಿಲ್ಲಿಸಿದ್ದಕ್ಕೆ ಬೇಸರಪಡಬೇಡಿ. ಫ್ರೆಂಚ್ ಲೇಖಕ, ಶಿಕ್ಷಕರೂ ಆಗಿದ್ದ ಡೇನಿಯಲ್ ಪೆನಾಕ್ 1992ರಲ್ಲಿ ಓದುಗರ ಹತ್ತು ಹಕ್ಕುಗಳನ್ನು ಪಟ್ಟಿ ಮಾಡಿದಾಗ ಓದದೇ ಇರುವ ಹಕ್ಕನ್ನು ಮೊದಲನೆಯದಾಗಿಟ್ಟರು. ಪುಟ ಹಾರಿಸುವುದೂ ಪುಸ್ತಕವನ್ನು ಅರ್ಧಕ್ಕೆ ಬಿಡುವುದೂ ಅದರ ಬೆನ್ನಿಗೇ ಬರುತ್ತವೆ. ನಾನು ವಾರಕ್ಕೊಮ್ಮೆ ಒಂದು ಅಧ್ಯಾಯವನ್ನು ಗಟ್ಟಿಯಾಗಿ ಓದಿ, ಕುತೂಹಲದ ತಿರುವಿಗೆ ಬಂದಾಗ ಪುಸ್ತಕ ಮುಚ್ಚಿ, ಒಂದೂ ಪ್ರಶ್ನೆ ಕೇಳದೆ ಹೊರಟುಬಿಡುತ್ತೇನೆ. ಮೊದಮೊದಲು ವಿದ್ಯಾರ್ಥಿಗಳಿಗೆ ಅನುಮಾನ: ಟಿಪ್ಪಣಿ ಬರೆಯಬೇಕೇ, ಇದು ಪರೀಕ್ಷೆಗೆ ಬರುತ್ತದೆಯೇ? ಬರುವುದಿಲ್ಲವೆಂದು ಖಾತ್ರಿಯಾಗಲು ಮೂರು ವಾರ ಹಿಡಿಯಿತು. ಆಮೇಲೆ ಹಿಂದಿನ ಬೆಂಚಿನ ಹುಡುಗನೊಬ್ಬ ಆ ಪುಸ್ತಕವನ್ನು ನನ್ನ ಮೇಜಿನಿಂದ ಕೇಳದೆಯೇ ಎತ್ತಿಕೊಂಡು ಹೋಗಿದ್ದ. ನಾನೂ ಕಾಣದಂತೆಯೇ ಇದ್ದೆ.

ಉತ್ತರ 3

ನೋಟ್‌ಬುಕ್ಕಿನ ವಿಷಯದಲ್ಲಿ ನನ್ನದೊಂದು ಮಾತು. ಅದನ್ನು ತೋರಿಸೆಂದು ಕೇಳಬೇಡಿ. ಬದಲಿಗೆ ನಿಮ್ಮ ಕರಡನ್ನು, ಹೊಡೆದುಹಾಕಿದ ಸಾಲುಗಳ ಸಮೇತ, ಅವಳ ಕಣ್ಣಿಗೆ ಬೀಳುವಲ್ಲಿ ಇಡಿ. ಅಚ್ಚಾದ ಪುಸ್ತಕವನ್ನಷ್ಟೇ ಕಂಡವರು ಬರಹವೆಂಬುದು ಒಂದೇ ಸಲಕ್ಕೆ ನೆಟ್ಟಗೆ ಇಳಿಯುತ್ತದೆಂದು ನಂಬಿ, ತಮ್ಮ ಮೊದಲ ಪುಟಕ್ಕೇ ನಾಚಿಕೊಳ್ಳುತ್ತಾರೆ. ಯುದ್ಧಕಾಲದ ದಿನಚರಿಗಳನ್ನೂ ಪತ್ರಗಳನ್ನೂ ಮುಂದೆ ಸಂಗ್ರಹಿಸಲಾಗುವುದೆಂದು ಡಚ್ ಸಚಿವರೊಬ್ಬರು 1944ರ ಮಾರ್ಚ್‌ನಲ್ಲಿ ಲಂಡನ್ನಿನಿಂದ ರೇಡಿಯೋದಲ್ಲಿ ಹೇಳಿದ್ದನ್ನು ಕೇಳಿದ ಆನ್ ಫ್ರಾಂಕ್ ಎಂಬ, ನಾಜಿಗಳ ಕಣ್ತಪ್ಪಿಸಿ ಅಡಗಿದ್ದ ಯಹೂದಿ ಹುಡುಗಿ, ಮೇ ತಿಂಗಳಿನಿಂದ ತನ್ನ ಡೈರಿಯನ್ನು ಬಿಡಿ ಹಾಳೆಗಳ ಮೇಲೆ ಹೊಸದಾಗಿ ಬರೆಯತೊಡಗಿದಳು. ಕೆಲವನ್ನು ಬಿಟ್ಟಳು, ಕೆಲವನ್ನು ಸೇರಿಸಿದಳು. ಆಗ ಅವಳಿಗೂ 14 ವರ್ಷ.

ಎಂದಾದರೂ ನಿಮ್ಮ ಅಕ್ಕನ ಮಗಳೇ ಪುಟವೊಂದನ್ನು ಕೊಟ್ಟರೆ ದಯವಿಟ್ಟು ಒತ್ತಕ್ಷರ ತಿದ್ದಲು ಹೊರಡಬೇಡಿ. ‘ಚೆನ್ನಾಗಿದೆ’ ಎಂಬುದೂ ಅಷ್ಟಕ್ಕಷ್ಟೇ, ಅದರಲ್ಲಿ ಹಿಡಿದುಕೊಳ್ಳಲು ಏನೂ ಇಲ್ಲ. ‘ಅವನು ಬಾಗಿಲ ಬಳಿ ಯಾಕೆ ನಿಂತ?’ ಎಂದು ಓದುಗರಾಗಿ ಕೇಳಿ. ಉತ್ತರ ಹೇಳಬೇಕೆನಿಸಿದರೆ ಅವಳು ಮತ್ತೊಂದು ಪುಟ ಬರೆದಾಳು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ವಂದನೆಗಳು. ಅಜ್ಜನ ಎರಡೂವರೆ ಪುಟದ ಮಾತನ್ನು ನಾಲ್ಕು ಸಾಲಿಗೆ ಇಳಿಸಿದ್ದೇನೆ. ಅವರಿಗೂ ಒಬ್ಬ ಹಳೆಯ ಗೆಳೆಯ ಹುಟ್ಟಿಕೊಂಡಿದ್ದಾನೆ. ಗೀಚಿದ ಹಾಳೆಗಳನ್ನು ಮೇಜಿನ ಮೇಲೆಯೇ ಬಿಟ್ಟಿದ್ದೆ. ನಿನ್ನೆ ನೋಡಿದರೆ ನಾನು ಹೊಡೆದುಹಾಕಿದ್ದ ಒಂದು ಸಾಲಿನ ಪಕ್ಕದಲ್ಲಿ, ಅದೇ ಪೆನ್ಸಿಲ್‌ನಲ್ಲಿ, ‘ಇದನ್ನು ಯಾಕೆ ತೆಗೆದೆ?’ ಎಂದಿತ್ತು.