ಸೂಜಿ ಚುಚ್ಚಿದ ನಂತರ ಹೆಪಟೈಟಿಸ್ ಸಿ: ಯಾವ ಪರೀಕ್ಷೆ, ಯಾವಾಗ ಚಿಕಿತ್ಸೆ?

ಪ್ರಶ್ನೆ: ನಮಸ್ಕಾರ ಡಾಕ್ಟರ್. ನಾನು ಡಯಾಲಿಸಿಸ್ ವಿಭಾಗದಲ್ಲಿ ಸ್ಟಾಫ್ ನರ್ಸ್. ಹೆಪಟೈಟಿಸ್ ಸಿ ಇರುವ ರೋಗಿಗೆ ಬಳಸಿದ ಸೂಜಿಯನ್ನು ಡಬ್ಬಕ್ಕೆ ಹಾಕುವಾಗ ಅದು ಗ್ಲೌಸ್ ದಾಟಿ ಬೆರಳಿಗೆ ಚುಚ್ಚಿತು. ಅಂದು ಮಾಡಿಸಿದ ಆ್ಯಂಟಿಬಾಡಿ (ವೈರಸ್ ವಿರುದ್ಧ ದೇಹ ತಯಾರಿಸುವ ಪ್ರತಿಕಾಯ) ಪರೀಕ್ಷೆಯಂತೆ ನಾಲ್ಕನೇ ವಾರದ್ದೂ ನೆಗೆಟಿವ್ ಬಂದಿದೆ. ಆದರೆ ಯಕೃತ್ತಿಗೆ ಪೆಟ್ಟಾದಾಗ ರಕ್ತದಲ್ಲಿ ಏರುವ ಎಸ್‌ಜಿಪಿಟಿ 310 ಇದೆ. ಸುಸ್ತಿದೆ, ಕಣ್ಣು ಹಳದಿಯಾಗಿಲ್ಲ. ಮನೆಯವರು ಕಾಮಾಲೆಯ ನಾಟಿ ಔಷಧಿ ಕುಡಿಯಲು ಒತ್ತಾಯಿಸುತ್ತಿದ್ದಾರೆ.

ಉತ್ತರ: ಆ ನೆಗೆಟಿವ್ ವರದಿಯನ್ನು ನಂಬಿ ಕೂರಬೇಡಿ. ಆ್ಯಂಟಿಬಾಡಿ ರಕ್ತದಲ್ಲಿ ಕಾಣಿಸಿಕೊಳ್ಳಲು ಸಾಮಾನ್ಯವಾಗಿ 8ರಿಂದ 11 ವಾರ ಹಿಡಿಯುತ್ತದೆ; ವೈರಸ್ಸಿನ ಆರ್‌ಎನ್‌ಎ (ಅದರ ಆನುವಂಶಿಕ ವಸ್ತು) ಮಾತ್ರ ಸೋಂಕು ತಗಲಿದ ಒಂದೆರಡು ವಾರಗಳಲ್ಲೇ ಪತ್ತೆಯಾಗುತ್ತದೆ. ಆದ್ದರಿಂದ ನೀವು ಈ ವಾರವೇ ಮಾಡಿಸಬೇಕಾದದ್ದು ಎಚ್‌ಸಿವಿ (ಹೆಪಟೈಟಿಸ್ ಸಿ ವೈರಸ್) ಆರ್‌ಎನ್‌ಎ ಪರೀಕ್ಷೆ. ಕಣ್ಣು ಹಳದಿಯಾಗಿಲ್ಲ ಎಂಬುದೂ ಸಮಾಧಾನದ ಮಾತಲ್ಲ, ಏಕೆಂದರೆ ಹೊಸದಾಗಿ ಸೋಂಕು ತಗಲಿದ ಬಹುಪಾಲು ಜನರಿಗೆ ಕಾಮಾಲೆ ಬರುವುದೇ ಇಲ್ಲ. ಆರ್‌ಎನ್‌ಎ ನೆಗೆಟಿವ್ ಬಂದರೆ ಎಸ್‌ಜಿಪಿಟಿ ಏರಿಕೆಗೆ ಹೆಪಟೈಟಿಸ್ ಎ, ಬಿ, ಇ ಅಥವಾ ಯಾವುದಾದರೂ ಔಷಧಿ ಕಾರಣವೇ ಎಂದು ಹುಡುಕಬೇಕು. ಆಗಲೂ 4ರಿಂದ 6 ತಿಂಗಳ ನಡುವೆ ಇನ್ನೊಮ್ಮೆ ಪರೀಕ್ಷೆ ತಪ್ಪಿಸಬಾರದು. ನಾಟಿ ಔಷಧಿ ಖಂಡಿತ ಬೇಡ. ಊದಿಕೊಂಡ ಯಕೃತ್ತಿಗೆ ಅದರಿಂದಲೇ ಹೆಚ್ಚಿನ ಪೆಟ್ಟು ಬೀಳಬಹುದು, ಮುಂದಿನ ವರದಿಗಳನ್ನು ಓದುವುದೂ ನಮಗೆ ಕಷ್ಟವಾಗುತ್ತದೆ.

ಪ್ರಶ್ನೆ: ಪಾಸಿಟಿವ್ ಬಂದರೂ ಆರು ತಿಂಗಳು ಕಾದರೆ ತಾನಾಗಿಯೇ ಹೋಗುತ್ತದೆ ಎಂದು ಹಿರಿಯ ಸಹೋದ್ಯೋಗಿಯೊಬ್ಬರು ಹೇಳುತ್ತಾರೆ. ಕಾಯಬಹುದೇ?

ಉತ್ತರ: ಸುಮಾರು ನಾಲ್ವರಲ್ಲಿ ಒಬ್ಬರಿಗೆ ತಾನಾಗಿಯೇ ಹೋಗುವುದು ನಿಜ. ಇಂಟರ್‌ಫೆರಾನ್ ಚುಚ್ಚುಮದ್ದು ಒಂದೇ ಗತಿಯಾಗಿದ್ದ ಕಾಲದಲ್ಲಿ, ಅದರ ಜ್ವರ, ಖಿನ್ನತೆಗಳನ್ನು ತಪ್ಪಿಸಲು ಕೆಲವು ತಿಂಗಳು ಕಾಯುವುದಕ್ಕೆ ಅರ್ಥವಿತ್ತು. ಈಗ ಸೋಫೋಸ್ಬುವಿರ್ ಜೊತೆ ವೆಲ್ಪಟಾಸ್ವಿರ್ ಸೇರಿದ ಮಾತ್ರೆಯನ್ನು ದಿನಕ್ಕೊಂದರಂತೆ 12 ವಾರ ತೆಗೆದುಕೊಂಡರೆ ನೂರರಲ್ಲಿ ತೊಂಬತ್ತೈದಕ್ಕೂ ಹೆಚ್ಚು ಜನ ಗುಣವಾಗುತ್ತಾರೆ. ಹೀಗಿರುವಾಗ ಆರ್‌ಎನ್‌ಎ ಪಾಸಿಟಿವ್ ಎಂದು ಖಚಿತವಾದ ಮೇಲೆ ಕಾಯುವುದರಲ್ಲಿ ನನಗೆ ಲಾಭ ಕಾಣುವುದಿಲ್ಲ. 2018ರಲ್ಲಿ ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಸರ್ಕಾರಿ ಚಿಕಿತ್ಸಾ ಕೇಂದ್ರಗಳಲ್ಲಿ ಔಷಧಿ ಉಚಿತ. ಆದರೆ ಪಾಸಿಟಿವ್ ಬರುವ ಮುನ್ನವೇ ಮುಂಜಾಗ್ರತೆಗೆಂದು ಮಾತ್ರೆ ನುಂಗುವ ಪದ್ಧತಿ ಇಲ್ಲ.

ಮಾತ್ರೆ ಶುರುಮಾಡುವ ಮೊದಲು ಹೆಪಟೈಟಿಸ್ ಬಿ ಪತ್ತೆಹಚ್ಚುವ ಎಚ್‌ಬಿಎಸ್‌ಎಜಿ ಪರೀಕ್ಷೆ ನೋಡಲೇಬೇಕು. ಅಡಗಿರುವ ಹೆಪಟೈಟಿಸ್ ಬಿ ಈ ಚಿಕಿತ್ಸೆಯಲ್ಲಿ ಕೆರಳಬಲ್ಲದು. ಗರ್ಭಿಣಿಯಾಗಿದ್ದರೆ ಅಥವಾ ಬೇರೆ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ವೈದ್ಯರಿಗೆ ಮೊದಲೇ ತಿಳಿಸಿ. ಮಾತ್ರೆ ಮುಗಿದ 12 ವಾರಗಳ ನಂತರವೂ ಆರ್‌ಎನ್‌ಎ ಸಿಗದಿದ್ದರೆ ಗುಣವಾದಂತೆ. ರಕ್ತದಾನ ಮಾಡಬೇಡಿ; ಗುಣವಾಗುವವರೆಗೆ ರೇಜರ್, ಹಲ್ಲುಜ್ಜುವ ಬ್ರಷ್ ಹಂಚಿಕೊಳ್ಳಬೇಡಿ. ಮನೆಯವರೊಂದಿಗೆ ಊಟ ಮಾಡುವುದಕ್ಕೆ ಯಾವ ಅಡ್ಡಿಯೂ ಇಲ್ಲ.